ಗೌರಿ ಮೂಸಿ ನೋಡಿದ ಕೇಕು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಹೊಚ್ಚ ಹೊಸ ಕೇಕಿನ ಅಚ್ಚೊಂದು ಇದೆ. ಹೊಸದು ಅಂದರೆ ಮೊನ್ನೆ ಕೊಂಡದ್ದಲ್ಲ. ಮಸ್ಕತ್ತಿನಿಂದ ವಿಮಾನ ಹತ್ತಿ, ಸೇಲಂಗೆ ಹೋಗಿ, ಅಲ್ಲಿಂದ ಮೆಟ್ಟೂರಿನ ಬಸ್ಸು ಹಿಡಿದು ಕೊಳತ್ತೂರಿನವರೆಗೂ ಹೋಗಿ, ಅದೇ ದಾರಿಯಲ್ಲಿ ವಾಪಸು ಬಂದಿದೆ. ಇಷ್ಟು ಊರು ಸುತ್ತಿದರೂ ಒಲೆಯ ಮುಖ ಕಂಡಿಲ್ಲ. ಹೋದ ಪುಟ್ಟ ಬಂದ ಪುಟ್ಟ ಅನ್ನುತ್ತಾರಲ್ಲ, ಹಾಗೆ. ಅಳತೆಯ ಬಟ್ಟಲು ಹುಡುಕಲು ಕಪಾಟು ತೆಗೆದಾಗಲೆಲ್ಲ ಅದು ಫಳಫಳ ಹೊಳೆಯುತ್ತಾ ನನ್ನನ್ನೇ ನೋಡುತ್ತದೆ. ಇವತ್ತೂ ನೋಡಿತು. ಅದಕ್ಕೇ ಹಿಟ್ಟು ಜರಡಿ ಹಿಡಿಯುವುದನ್ನು ಅರ್ಧಕ್ಕೇ ಬಿಟ್ಟು ನಿಮ್ಮೊಂದಿಗೆ ಹರಟೆಗೆ ಕೂತಿದ್ದೇನೆ.

ನಾನು ಕೇಕು ಮಾಡುವವಳಾದದ್ದು ಬಯಸಿ ಬಯಸಿ ಅಲ್ಲ. ಮದುವೆಯಾಗಿ ಮಸ್ಕತ್ತಿಗೆ ಬಂದಾಗ ಬಾಡಿಗೆ ಮನೆಯಲ್ಲಿ ಬೀರುವಿನಷ್ಟು ದೊಡ್ಡ ಓವನ್ ಇತ್ತು. ಅದೇನೆಂದು ತಿಳಿಯದೆ ಬಹಳ ದಿನ ಅದರೊಳಗೆ ದೋಸೆಕಲ್ಲು, ಇಡ್ಲಿ ತಟ್ಟೆ, ಹುಣಸೆಹಣ್ಣಿನ ಡಬ್ಬ ಜೋಡಿಸಿಟ್ಟಿದ್ದೆ. ಒಂದು ದಿನ ಪಕ್ಕದ ಮನೆಯಾಕೆ ಬಂದು ನೋಡಿ ನಕ್ಕೂ ನಕ್ಕೂ ಸುಸ್ತಾಗಿ, ಡಬ್ಬ ತೆಗೆಸಿ, ಒಂದು ಕೇಕು ಮಾಡಿ ತೋರಿಸಿದಳು. ಅಲ್ಲಿಂದ ಶುರುವಾಯಿತು ನೋಡಿ. ಮೊದಲು ನಮಗೆ, ಆಮೇಲೆ ಮಹಡಿಯವರಿಗೆ, ಆಮೇಲೆ ಕಾಸು ಕೊಟ್ಟು ಕೇಳಿದವರಿಗೆ. ಮನೆಯ ಬಾಗಿಲ ಹಿಡಿಯಿಂದ ಹಿಡಿದು ನನ್ನ ಗಂಡನ ಆಫೀಸಿನ ಚೀಲದವರೆಗೆ ಎಲ್ಲೆಲ್ಲೂ ಮೈದಾ. “ಬೀದೀಲಿ ಓಗೋ ಮಾರೀನ ಮನೆಗೆ ಕರೆದೋಳು ನೀನೇ” ಎಂದು ಅವರು ಈಗಲೂ ಅನ್ನುತ್ತಾರೆ, ಬಾಯಿ ತುಂಬ ಕೇಕು ಇಟ್ಟುಕೊಂಡೇ.

ಅದಕ್ಕೂ ಮುಂಚೆ ಕೇಕಿಗೂ ನನಗೂ ಇದ್ದ ಸಂಬಂಧ ಗಾಜಿನ ಆಚೆ ಈಚೆಯದು. ಸೇಲಂನ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಹೂವು ಹೊತ್ತ ಮುಕ್ಕೋಣದ ತುಂಡುಗಳು ಸಾಲಾಗಿ ಕೂತಿರುತ್ತಿದ್ದವು. ಅಪ್ಪ ಯಾವಾಗಲಾದರೂ ಒಂದು ಕೊಡಿಸಿದರೆ ಅದರ ಕ್ರೀಮು ಅಂಗುಳಕ್ಕೆ ಅಂಟಿಕೊಂಡು ಮಾರನೆಯ ದಿನದವರೆಗೂ ಬಿಡುತ್ತಿರಲಿಲ್ಲ. ನಾವು ಕಾಗದ ನೆಕ್ಕಿ, ಕಾಗದದ ಚೂರನ್ನೂ ಸ್ವಲ್ಪ ತಿಂದಿರಬೇಕು. ನಾನು ಬೆಳೆದ ಕೊಳತ್ತೂರಿನಲ್ಲಂತೂ ಬೇಕರಿ ಎಂದರೆ ಕಾಯಿಲೆ. ಅಲ್ಲಿ ಬ್ರೆಡ್ಡು ತಿನ್ನುವುದು ಜ್ವರ ಬಂದಾಗ ಮಾತ್ರ. ಯಾರಾದರೂ ಬ್ರೆಡ್ಡಿನ ಪೊಟ್ಟಣ ಹಿಡಿದು ಹೋಗುತ್ತಿದ್ದರೆ, ದಾರಿಯಲ್ಲಿ ಸಿಕ್ಕವರೆಲ್ಲ “ಮನೇಲಿ ಯಾರ್ಗೆ ಜರಾ?” ಎಂದು ಕೇಳುತ್ತಿದ್ದರು. ಜ್ವರವಿಲ್ಲ, ಆಸೆಗೆ ತಂದದ್ದು ಎಂದರೆ ಯಾರೂ ನಂಬುತ್ತಿರಲಿಲ್ಲ.

ಅಂಥ ಊರಿನವಳು ಈಗ ರಜೆಗೆ ಹೋಗುವಾಗ ಬಟ್ಟೆಗಿಂತ ಹೆಚ್ಚು ಅಚ್ಚು, ಸೌಟು, ಬ್ರಷ್ಷು ಕಟ್ಟಿಕೊಂಡು ಹೋಗುತ್ತೇನೆ. ಹೋದ ಬೇಸಿಗೆಯಲ್ಲೂ ಹಾಗೇ ಹೋದೆ. ಸೇಲಂನ ಅಮ್ಮನ ಮನೆ ಮುಟ್ಟಿ, ಕಾಲು ತೊಳೆದು, ಕಾಫಿ ಕುಡಿದು, ಕೇಕಿಗೆ ನಿಂತೆ. ಬೇಯಿಸಿದ್ದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಲು ಹೋದರೆ ಎಲ್ಲರದೂ ಒಂದೇ ಪ್ರಶ್ನೆ: ಯಾರ ಬರ್ತ್‌ಡೇ? ಯಾರದೂ ಅಲ್ಲ, ಸುಮ್ಮನೆ ಎಂದರೆ ಅವರಿಗೆ ಸಮಾಧಾನವಿಲ್ಲ. ಹುಟ್ಟಿದವರಿಲ್ಲದೆ ಕೇಕು ಹೇಗೆ ಹುಟ್ಟಿತು ಎಂದು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೊನೆಗೆ ಅಮ್ಮ ರೋಸಿಹೋಗಿ “ಅಳಿಯಂದ್ರುದು” ಅಂದುಬಿಟ್ಟಳು. ಆ ಸಂಜೆ ಮಸ್ಕತ್ತಿನಲ್ಲಿದ್ದ ನನ್ನ ಗಂಡನಿಗೆ ಅಮ್ಮನ ಮನೆಯಿರುವ ಅಮ್ಮಾಪೇಟೆಯ ಅರ್ಧ ಬೀದಿಯಿಂದ ಶುಭಾಶಯದ ಫೋನು. ಪಾಪ, ಅವರು ಡಿಸೆಂಬರಿನಲ್ಲಿ ಹುಟ್ಟಿದವರು. ಆದರೂ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರಂತೆ.

ಟೌನ್ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರು ಬಗ್ಗಿ ನೋಡಿ, “ಎನ್ನಮ್ಮಾ ಉಳ್ಳೆ?” ಎಂದು ಕೇಳಿದ, ಒಳಗೇನಿದೆ ಅಂತ. ಕೇಕು ಎಂದೆ. ಅವನೂ “ಯಾರಿಗೆ ಬರ್ತ್‌ಡೇ?” ಎನ್ನುವ ಮೊದಲೇ ಒಂದು ತುಂಡು ಕೊಟ್ಟು ಬಾಯಿ ಮುಚ್ಚಿಸಿದೆ. ಹೊಗೆನಕಲ್ಲಿಗೆ ಹೋದ ದಿನ ಹರಿಗೋಲು ಹುಟ್ಟು ಹಾಕುವವನಿಗೂ ಕೊಟ್ಟೆ. ಕಿತ್ತಳೆ ಸಿಪ್ಪೆ ತುರಿದು, ಬೆಣ್ಣೆ ನೊರೆ ಬರುವವರೆಗೆ ಕಡೆದು ಮಾಡಿದ ಕೇಕು ಅದು. ಅವನು ಒಂದು ಕೈಯಲ್ಲಿ ಹುಟ್ಟು ಹಿಡಿದೇ ತಿಂದು, ಕಾವೇರಿಯಲ್ಲಿ ಬಾಯಿ ಮುಕ್ಕಳಿಸಿ, “ಬನ್ನು ನಲ್ಲಾ ಐತೆಮ್ಮ” ಅಂದ, ಚೆನ್ನಾಗಿದೆ ಅಂತ. ನನ್ನ ವಿದ್ಯೆಯೆಲ್ಲ ಬನ್ನಾಗಿ ಹೋಯಿತು. ಆದರೂ ಅವನು ಇನ್ನೊಂದು ತುಂಡು ಕೇಳಿದ್ದರಿಂದ ಬೇಜಾರಾಗಲಿಲ್ಲ.

ಊರೆಲ್ಲ ತಿಂದರೂ ನನಗೆ ತಿನ್ನಿಸಬೇಕಿದ್ದದ್ದು ಒಬ್ಬಳಿಗೆ. ದೊಡ್ಡವ್ವನಿಗೆ.

ದೊಡ್ಡವ್ವ ಎಂದರೆ ನಮ್ಮ ಅಮ್ಮನ ಅಕ್ಕ. ಅಮ್ಮನಿಗೆ ಸೇಲಂನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಅಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ. ಮಗು ನೋಡುವವರಿಲ್ಲ ಎಂದು ಚಿಕ್ಕವಯಸ್ಸಿನಲ್ಲಿ ನನ್ನನ್ನು ಕೊಳತ್ತೂರಿನಲ್ಲಿ ಅವಳ ಕೈಗೆ ಒಪ್ಪಿಸಿದರು. ಪಾಲಮಲೆಯ ಬುಡದಲ್ಲಿ ಮನೆ. ಬೆಟ್ಟದ ಮೇಲಿನವರು ಸಂತೆಗೆ ಇಳಿದಾಗ ಅವಳ ಜಗುಲಿಯಲ್ಲಿ ನೀರು ಕುಡಿದು, ಒಂದು ಹಿಡಿ ರಾಗಿಯನ್ನೋ ಹಲಸಿನ ತೊಳೆಯನ್ನೋ ಇಟ್ಟು ಹೋಗುತ್ತಿದ್ದರು. ನಾನು ಅಲ್ಲಿ ಬೆಳೆದೆ. ನಾನು ಆಡುವ ಕನ್ನಡ ಅವಳದು, ನನ್ನ ಗಟ್ಟಿ ಗಂಟಲೂ ಅವಳದೇ.

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ, ಮಾಂಸ ಹೊಸಿಲು ದಾಟುವುದಿಲ್ಲ. ಟೌನು ಸೇರಿದ ಮೇಲೆ ನಮ್ಮಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಾಳೆ: ಕಣ್ಣಿಗೆ ಕಾಣದ ಮೊಟ್ಟೆ ಮೊಟ್ಟೆಯಲ್ಲ. ಕೇಕಿನೊಳಗೆ ಅದು ಕಾಣುವುದಿಲ್ಲವಾದ್ದರಿಂದ ಅಮ್ಮ ನಿಶ್ಚಿಂತೆಯಾಗಿ ತಿನ್ನುತ್ತಾಳೆ. ದೊಡ್ಡವ್ವನ ಬಳಿ ಈ ವೇದಾಂತ ನಡೆಯುವುದಿಲ್ಲ. ಅವಳಿಗೆ ನನ್ನ ಗುಟ್ಟು ರಟ್ಟಾದದ್ದು ವಿಡಿಯೋ ಕಾಲಿನಲ್ಲಿ. ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಅವಳ ಮೊಣಕಾಲು ನೋವಿನ ಕಥೆ ಕೇಳುತ್ತಾ ಕೈಕೆಲಸ ಮುಂದುವರಿಸಿದ್ದೆ.

“ಅದೇನ್ಲೇ ಟಕ್ ಟಕ್ ಅಂತ ಒಡೀತಿದ್ದೀಯ?”

“ಏನಿಲ್ಲ ದೊಡ್ಡವ್ವ, ಅದೊಂಥರ ಅಣ್ಣು.”

“ಅಣ್ಣಿಗೆ ಓಡು ಇರ್ತೈತಾ? ಒಡೆದ್ರೆ ಲೋಳೆ ಸುರೀತೈತಾ?”

ಅಷ್ಟರಲ್ಲೇ ಪರದೆ ಕಪ್ಪಾಯಿತು. ಫೋನನ್ನು ಬೋರಲು ಹಾಕಿಬಿಟ್ಟಿದ್ದಳು. ಅವತ್ತಿನಿಂದ ನನ್ನ ಕೈ ಅವಳ ಪಾಲಿಗೆ ಮೊಟ್ಟೆ ಒಡೆದ ಕೈ. ಜಗಳವಿಲ್ಲ, ಮುನಿಸಿಲ್ಲ. ಹೋದಾಗಲೆಲ್ಲ ತಲೆಗೆ ಎಣ್ಣೆ ಹಚ್ಚುತ್ತಾಳೆ, ಬಿಸಿ ಮುದ್ದೆಗೆ ಬೆಣ್ಣೆ ಹಾಕುತ್ತಾಳೆ, ನಾನು ಸೊರಗಿದ್ದೇನೆಂದು ನನ್ನ ಗಂಡನನ್ನು ಬೈಯುತ್ತಾಳೆ. ಆದರೆ ನಾನು ಒಂದು ಲೋಟ ನೀರು ಕೊಟ್ಟರೂ “ಅಲ್ಲಿಕ್ಕು ಮಗಾ” ಎನ್ನುತ್ತಾಳೆ. ಅಲ್ಲಿಟ್ಟದ್ದು ಅಲ್ಲೇ ಇರುತ್ತದೆ. ನನಗೆ ತುತ್ತು ತಿನ್ನಿಸಿ ಬೆಳೆಸಿದವಳಿಗೆ ನನ್ನ ಕೈಯಿಂದ ಒಂದು ತುತ್ತು ಸೇರುವುದಿಲ್ಲ. ಈ ಸಲ ಹೇಗಾದರೂ ಸರಿ, ಮೊಟ್ಟೆ ಸೋಕದ ಕೇಕು ಮಾಡಿ ಅವಳಿಗೆ ತಿನ್ನಿಸಿಯೇ ಬರುವುದು ಎಂದು ಹಟ ತೊಟ್ಟಿದ್ದೆ. ಆ ಹೊಸ ಅಚ್ಚು ಕೊಂಡದ್ದು ಅದಕ್ಕೇ.

ಕೊಳತ್ತೂರಿನ ಮನೆಯಲ್ಲಿ ದೊಡ್ಡವ್ವ, ಅವಳ ಮಗ ಶಿವು, ಸೊಸೆ ಮಂಜುಳಾ ಇದ್ದಾರೆ. ಶಿವು ನನ್ನ ಬೆನ್ನಿಗೆ ಬೆಳೆದ ತಮ್ಮ. ಸೇಲಂ ಹತ್ತಿರದ ಸಾಬಕ್ಕಿ ಮಿಲ್ಲಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಮಂಜುಳಾ ಪಂಚಾಯತಿ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಇವರೆಲ್ಲರಿಗಿಂತ ದೊಡ್ಡವಳು ಗೌರಿ, ಕೊಟ್ಟಿಗೆಯ ಹಸು. ದೊಡ್ಡವ್ವನ ಮನೆಯಲ್ಲೊಂದು ಪದ್ಧತಿಯಿದೆ. ಹೊಸ ಪದಾರ್ಥ ಏನೇ ಬರಲಿ, ಹೊಸ ಅಕ್ಕಿ, ಹೊಸ ಬೆಲ್ಲ, ಹೊಸ ತಿಂಡಿ, ಮೊದಲ ತುತ್ತು ಹಸುವಿಗೆ. ಹಸು ತಿಂದರೆ ಮನೆಯವರು ತಿನ್ನಬಹುದು. ಮೂಸಿ ಮುಖ ತಿರುಗಿಸಿದರೆ ಅದು ಮನೆಗೆ ಆಗದು. ಅವಳ ಅತ್ತೆಯ ಕಾಲದಿಂದ ನಡೆದುಬಂದದ್ದು. ಹೀಗಾಗಿ ನೂಡಲ್ಸ್ ಆ ಮನೆಗೆ ಇವತ್ತಿಗೂ ಬಂದಿಲ್ಲ. ಗೌರಿಯ ಅಜ್ಜಿಯೋ ಮುತ್ತಜ್ಜಿಯೋ ಅದನ್ನು ಮೂಸಿ ಸೀನಿತ್ತಂತೆ.

ನಾನು ಹೋದವಳೇ ಚೀಲದಿಂದ ಅಚ್ಚು ತೆಗೆದು, “ನೋಡು ದೊಡ್ಡವ್ವ, ಒಸಾದು. ಮೊಟ್ಟೆ ಅಂದ್ರೆ ಏನೂಂತಲೇ ಇದಕ್ಕೆ ಗೊತ್ತಿಲ್ಲ” ಎಂದೆ.

ಅವಳು ಮುಟ್ಟದೆ, ಬಗ್ಗಿ ನೋಡಿದಳು. “ಬ್ಯಾಗಲ್ಲಿ ಮಿಕ್ಕ ಅಚ್ಗಳೂ ಇದ್ವಾ?”

“ಇದ್ವು.”

“ಅವುಕ್ಕೂ ಇದುಕ್ಕೂ ತಾಕೈತೋ ಇಲ್ವೋ?”

ಯಾವ ವಕೀಲನೂ ಇಷ್ಟು ನೇರವಾಗಿ ಕೇಳಲಾರ. ಅಚ್ಚು ಚೀಲಕ್ಕೆ ವಾಪಸು ಹೋಯಿತು. ಕೊನೆಗೆ ಒಪ್ಪಂದವಾದದ್ದು ಹೀಗೆ: ಪಾತ್ರೆ ಅವಳದು, ಒಲೆ ಅವಳದು, ನಾನು ಸ್ನಾನ ಮಾಡಿ ಮಡಿ ಸೀರೆಯುಟ್ಟು ಬರಬೇಕು, ಹಿಟ್ಟು ಬೆಲ್ಲದ ಡಬ್ಬಗಳಿಗೆ ಕೈ ಹಾಕುವ ಹಾಗಿಲ್ಲ, ಬೇಕಾದ್ದನ್ನು ಅವಳೇ ಸುರಿದು ಕೊಡುತ್ತಾಳೆ, ನಾನು ಕೈ ತಾಗಿಸದೆ ಸೌಟಿನಲ್ಲಿ ಕಲಸಬೇಕು. ಕಲಸುವಾಗ ಅವಳು ಎದುರಿಗೇ ಮಣೆ ಹಾಕಿಕೊಂಡು ಕೂತಿರುತ್ತಾಳೆ. ನಾನು ಎಲ್ಲದಕ್ಕೂ ಹೂಂ ಎಂದೆ.

ಸೌಟಿನಲ್ಲೇ ಬಾಳೆಹಣ್ಣು ಕಿವುಚಿದೆ. ಗೌರಿಯ ಮೊಸರು, ಗೌರಿಯ ಬೆಣ್ಣೆ, ಬೆಲ್ಲ ಬಂತು. “ಮೈದಾ” ಎಂದೆ. ಮಂಜುಳಾ ಆಫೀಸಿಗೆ ಹೋಗಿದ್ದಳು. ದೊಡ್ಡವ್ವ ಅಟ್ಟಣಿಗೆಯಿಂದ ಬಿಳಿ ಡಬ್ಬ ಇಳಿಸಿ, ಕಣ್ಣು ಕಿರಿದು ಮಾಡಿ ನೋಡಿ ಸುರಿದಳು. ಕಲಸುತ್ತಾ ಕಲಸುತ್ತಾ ಸೌಟು ಯಾಕೋ ಬಿಗಿಯಾಗುತ್ತಿದೆ ಅನ್ನಿಸಿತು. ಬೆರಳಿನಲ್ಲಿ ಮುಟ್ಟಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಮುಟ್ಟುವ ಹಾಗಿಲ್ಲವಲ್ಲ. ತಪ್ಪಲೆಯ ತಳಕ್ಕೆ ಮರಳು ಹಾಸಿ, ಒಳಗೆ ಬಟ್ಟಲಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿ ಕಾದೆ. ತೆಗೆದು ನೋಡಿದರೆ ಅದು ಉಬ್ಬಿರಲಿಲ್ಲ. ಕಂದು ಬಣ್ಣಕ್ಕೆ ಮಿರಮಿರ ಮಿಂಚುತ್ತಿತ್ತು. ಚಾಕು ಹಾಕಿದರೆ ಚಾಕು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮಸ್ಕತ್ತಿನಲ್ಲಿ ನನ್ನ ಕೇಕಿಗೆ ವಾರದ ಮುಂಚೆಯೇ ಹೇಳಿಡಬೇಕು, ಗೊತ್ತಾ?

ಇರಲಿ, ಪದ್ಧತಿ ಪದ್ಧತಿಯೇ. ಹೇಗೋ ಒಂದು ಚೂರು ಕಿತ್ತು ಕೊಟ್ಟಿಗೆಗೆ ಹೋದೆ. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಚೂರು. ಗೌರಿ ಮೂಸಿತು. ನಾನು ಉಸಿರು ಹಿಡಿದೆ. ಅದು ನಾಲಿಗೆ ಚಾಚಿ ಚೂರನ್ನು ಎಳೆದುಕೊಂಡು, ಕಣ್ಣು ಅರೆಮುಚ್ಚಿ ಅಗಿಯತೊಡಗಿತು. “ದೊಡ್ಡವ್ವಾ, ತಿಂತು!” ಎಂದು ಕೂಗಿ ಹಿಂದಕ್ಕೆ ತಿರುಗಿದೆ. ಅಷ್ಟೇ. ಗೌರಿ ಕತ್ತು ಚಾಚಿ ತಟ್ಟೆಯ ಮೇಲಿದ್ದದ್ದನ್ನು ಇಡಿಯಾಗಿ ಎತ್ತಿತು. ಬೇರೆ ಕೇಕಾಗಿದ್ದರೆ ಮುರಿದು ಅರ್ಧವಾದರೂ ಉಳಿಯುತ್ತಿತ್ತು. ಇದು ಮುರಿಯುವ ಜಾತಿಯದಲ್ಲ. ಗೌರಿ ಸಂಜೆಯವರೆಗೂ ಅದನ್ನೇ ಮೆಲುಕು ಹಾಕಿತು.

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು. “ಗೌರಿ ಒಪ್ಪವ್ಳೆ ಕಣ್ಲೇ. ಆದ್ರೆ ನನ್ಗೆ ಉಳಿಸ್ನಿಲ್ವಲ್ಲ, ನಾನೇನ್ ಮಾಡ್ಲಿ?” ಎಂದಳು. ಹಾಗೆನ್ನುವಾಗ ಅವಳ ಮುಖದಲ್ಲಿ ಸದ್ಯ ಬದುಕಿದೆ ಎಂಬ ಸಮಾಧಾನ ಎದ್ದು ಕಾಣುತ್ತಿತ್ತು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಸ್ವಲ್ಪ ಅತ್ತೆ.

ಸಂಜೆ ಮಂಜುಳಾ ಬಂದು ಬಟ್ಟಲಿಗೆ ಅಂಟಿದ್ದನ್ನು ಕೆರೆದು ನೋಡಿ ತಲೆ ಚಚ್ಚಿಕೊಂಡಳು. “ಅಕ್ಕಾ, ಇದು ಮೈದಾ ಅಲ್ಲ, ಜವ್ವರಿಸಿ ಮಾವು! ಸಂಡಿಗೆಗೆ ಅಂತ ಅವ್ರು ಮಿಲ್ಲಿಂದ ತಂದಿಟ್ಟಿದ್ರು.” ಸಾಬಕ್ಕಿಗಾಗಿ ಮರಗೆಣಸಿನಿಂದ ತೆಗೆದ ಹಿಟ್ಟು! ಆಗ ಗೌರಿಯ ಪ್ರೀತಿಯ ಗುಟ್ಟೂ ಬಯಲಾಯಿತು. ಶಿವು ಮಿಲ್ಲಿನಿಂದ ಗೆಣಸಿನ ಚರಟ ತಂದು ಗೌರಿಗೆ ಹಾಕುತ್ತಾನೆ, ಆ ಚರಟಕ್ಕೆ ಅಲ್ಲಿ ತಿಪ್ಪಿ ಎನ್ನುತ್ತಾರೆ. ಗೌರಿ ನನ್ನ ಕೇಕನ್ನು ಮೆಚ್ಚಿರಲಿಲ್ಲ, ತನ್ನ ದಿನದ ಊಟವನ್ನು ಗುರುತು ಹಿಡಿದಿತ್ತು.

ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ನಾನು ಸೇಲಂಗೆ ಹೊರಡಬೇಕು, ಅಲ್ಲಿಂದ ಮಸ್ಕತ್ತಿಗೆ. ಇನ್ನು ಬರುವುದು ಯಾವಾಗಲೋ. ಮಂಜುಳಾ ಆಫೀಸಿಗೆ ರಜೆ ಹೇಳಿ, ಅಂಗಡಿಯಿಂದ ನಿಜವಾದ ಮೈದಾ ತಂದಳು. ಅವಳೇ ಅಳೆದು ಸುರಿದಳು. ದೊಡ್ಡವ್ವ ಮಣೆ ಹಾಕಿಕೊಂಡು ಎದುರಿಗೆ ಕೂತಳು. ಈ ಸಲ ಹಿಟ್ಟು ಸೌಟಿನಿಂದ ರಿಬ್ಬನ್ನಿನಂತೆ ಇಳಿಯಿತು. ಕೆಂಡ ಹಾಕಿ ಸ್ವಲ್ಪ ಹೊತ್ತಿಗೆಲ್ಲ ಬೆಲ್ಲ, ಬೆಣ್ಣೆ, ಬಾಳೆಹಣ್ಣಿನ ವಾಸನೆ ಮನೆ ತುಂಬಿ ಜಗುಲಿಗೆ ಹೋಯಿತು. ಬೆಟ್ಟದಿಂದ ಇಳಿದು ಬಂದು ಜಗುಲಿಯಲ್ಲಿ ಕೂತಿದ್ದ ಮುದುಕಪ್ಪ ಒಳಗೆ ಏನು ಹಬ್ಬ ಎಂದು ಕೇಳಿದ. ಮುಚ್ಚಳ ತೆಗೆದರೆ ಕೇಕು ಗುಮ್ಮಟದ ಹಾಗೆ ಉಬ್ಬಿ, ನಡುವೆ ಸಣ್ಣಗೆ ಬಿರಿದಿತ್ತು. ನನ್ನ ಜನ್ಮದಲ್ಲಿ ಅಂಥ ಕೇಕು ಓವನ್ನಿನಲ್ಲೂ ಬಂದಿಲ್ಲ. ದೊಡ್ಡವ್ವ ಬಗ್ಗಿ ನೋಡಿ, “ಚೆಂದಾಗೈತೆ” ಎಂದಳು. ಬಾಯಲ್ಲೂರಿದ ನೀರು ನುಂಗಿದ್ದು ನನಗೆ ಕಾಣಿಸಿತು.

ಎಲ್ಲರೂ ಕೊಟ್ಟಿಗೆಗೆ ನಡೆದೆವು. ಈ ಸಲ ತಟ್ಟೆಯನ್ನು ಮಂಜುಳಾ ದೂರ ಹಿಡಿದಿದ್ದಳು. ನಾನು ತುಂಡನ್ನು ಗೌರಿಯ ಮೂತಿಗೆ ಹಿಡಿದೆ. ಗೌರಿ ಮೂಸಿತು. ಇನ್ನೊಮ್ಮೆ ಮೂಸಿತು. ಮುಖ ತಿರುಗಿಸಿತು.

“ಗೌರೀ, ನಿಂದೇ ಬೆಣ್ಣೆ ಕಣೇ, ನಿಂದೇ ಮೊಸ್ರು” ಎಂದೆ. ಈ ಕಡೆಯಿಂದ ಹಿಡಿದೆ, ಆ ಕಡೆಯಿಂದ ಹಿಡಿದೆ. ಸಿನಿಮಾ ಪೋಸ್ಟರನ್ನು ಗೋಡೆಯಿಂದ ಕಿತ್ತು ಅಂಟಿನ ಸಮೇತ ತಿನ್ನುವ ಹಸು ಅದು. ನನ್ನ ಕೇಕಿನಿಂದ ಮೂತಿ ತಪ್ಪಿಸಿ, ಹೋಗಿ ತಿಪ್ಪಿಯ ಬಾನಿಗೆ ಬಾಯಿ ಹಾಕಿತು.

ಮಂಜುಳಾ ಮೆಲ್ಲಗೆ, “ಅತ್ತೆ, ನೆನ್ನೆ ತಿಂದ್ಲಲ್ಲ, ಅದುನ್ನೇ ಇದುಕ್ಕೂ ಸೇರಿಸ್ಕೊಳ್ಳಿ” ಎಂದಳು.

“ನೆನ್ನೇದು ನೆನ್ನೆಗೆ” ಎಂದಳು ದೊಡ್ಡವ್ವ.

ಅಲ್ಲಿಗೆ ಮುಗಿಯಿತು ಅನ್ನಿಸಿತು. ಎಷ್ಟೋ ವರ್ಷದಿಂದ, ಅತ್ತೆಯ ಕಾಲದಿಂದ ನಡೆಸಿಕೊಂಡು ಬಂದದ್ದನ್ನು ನನ್ನ ಒಂದು ತುಂಡು ಕೇಕಿಗಾಗಿ ಬಿಡು ಎಂದು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. “ಓಗ್ಲಿ ಬಿಡು ದೊಡ್ಡವ್ವ. ಅಮ್ಮಂಗೆ ಕಟ್ಕೊಂಡು ಓಗ್ತೀನಿ. ಬಸ್ಸಿಗೆ ಒತ್ತಾಯ್ತು” ಎಂದೆ. ಮಂಜುಳಾಳ ಕೈಯಿಂದ ತಟ್ಟೆ ತೆಗೆದುಕೊಂಡು ಬಾಳೆಎಲೆ ಮುಚ್ಚಲು ಹೋದೆ.

ದೊಡ್ಡವ್ವ ಬಾನಿಯಲ್ಲಿ ಮುಖ ಹುದುಗಿಸಿದ್ದ ಗೌರಿಯನ್ನು ನೋಡಿದಳು. ಅದರ ಬೆನ್ನು ಸವರಿದಳು. ಹೊಟ್ಟೆಯ ಪಕ್ಕೆಯನ್ನು ಅಂಗೈಯಿಂದ ತಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅವ್ಳಿಗೆ ಒಟ್ಟೆ ತುಂಬೈತೆ, ಅದ್ಕೆ ಬ್ಯಾಡ ಅಂತವ್ಳೆ. ನನ್ಗೆ ಅಸೀತೈತೆ.”

ನಾನು ತಟ್ಟೆಯನ್ನೇ ಮುಂದೆ ಹಿಡಿದೆ. ಅವಳು ತಟ್ಟೆಯನ್ನು ಮುಟ್ಟಲಿಲ್ಲ, ಕೈಯನ್ನೂ ಚಾಚಲಿಲ್ಲ. ನನ್ನ ಎದುರಿಗೆ ಬಂದು ನಿಂತು ಬಾಯಿ ತೆರೆದಳು. ತುಂಡು ಮುರಿಯುವಾಗ ಅರ್ಧ ನೆಲಕ್ಕೆ ಉದುರಿತು, ಅರ್ಧ ಅವಳ ಬಾಯಿ ಸೇರಿತು. ಅವಳು ಕಣ್ಣು ಮುಚ್ಚಿ, ಆತುರವಿಲ್ಲದೆ ಅಗಿದಳು.

“ಇನ್ನೊಸಿ ಇಕ್ಕು” ಎಂದಳು ದೊಡ್ಡವ್ವ.